ಪಿಎಚ್.ಡಿ.-12 ಫೇಜ್ ಕಿಟ್: ಗರ್ಭಕಂಠ ಕ್ಯಾನ್ಸರಿನ ಪೆಪ್ಟೈಡ್ ಹುಡುಕಲು ಹೇಗಿದೆ?

ಗರ್ಭಕಂಠದ ಗಡ್ಡೆಗೆ ಅಂಟಿ, ಪಕ್ಕದ ಆರೋಗ್ಯವಂತ ಕೋಶವನ್ನು ಬಿಟ್ಟುಬಿಡುವ ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರಪಳಿ) ಸಿಕ್ಕರೆ, ಅದಕ್ಕೆ ಬಣ್ಣ ಕಟ್ಟಿದರೆ ಪತ್ತೆಗಾಯಿತು, ಔಷಧಿ ಕಟ್ಟಿದರೆ ಚಿಕಿತ್ಸೆಗಾಯಿತು. ಆ ಹುಡುಕಾಟಕ್ಕೆ ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್‌ನ ಈ ಕಿಟ್ ಒಳ್ಳೆಯ ಆರಂಭ. ಬ್ಯಾಕ್ಟೀರಿಯಾಕ್ಕೆ ಸೋಂಕು ತಗಲಿಸುವ ವೈರಸ್ ಆದ ಎಂ13 ಫೇಜಿನ ಪಿ-3 ಎಂಬ ಹೊರಕವಚದ ಪ್ರೋಟೀನಿನ ತುದಿಗೆ 12 ಅಮೈನೊ ಆಮ್ಲಗಳ ಪೆಪ್ಟೈಡ್, ಒಂದು ಫೇಜಿಗೆ ಐದು ಪ್ರತಿ, ಒಟ್ಟು ಸುಮಾರು 100 ಕೋಟಿ ಕ್ಲೋನ್, ಅಂದರೆ ಬೇರೆ ಬೇರೆ ಪೆಪ್ಟೈಡ್ ಹೊತ್ತ ಫೇಜ್; ಈ ಸಂಗ್ರಹವೇ ಲೈಬ್ರರಿ. ಒಂದು ಪ್ಯಾನಿಂಗ್‌ಗೆ (ಕೋಶಗಳ ಮೇಲೆ ಫೇಜ್ ಬಿಟ್ಟು, ಅಂಟಿದ್ದನ್ನು ಆರಿಸುವ ಒಂದು ಸುತ್ತಿಗೆ) ಅದರ 10 ಮೈಕ್ರೊಲೀಟರ್ ಸಾಕು.

ಗುರಿಯಾಗಿ ಯಾವ ಕೋಶ ಇಡುತ್ತೀರಿ ಎಂಬುದರಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗುತ್ತದೆ. ಸುಲಭಕ್ಕೆ ಸಿಗುತ್ತದೆಂದು ಎಲ್ಲರೂ ಹೀಲಾ ಎಂಬ, ಲ್ಯಾಬಿನಲ್ಲಿ ಬೆಳೆಸುವ ಗರ್ಭಕಂಠ ಕ್ಯಾನ್ಸರ್ ಕೋಶಗಳನ್ನು ಹಿಡಿಯುತ್ತಾರೆ. ಆದರೆ ಅದು ಎಚ್‌ಪಿವಿ-18 (ಈ ಕ್ಯಾನ್ಸರ್ ತರುವ ವೈರಸ್ಸಿನ ಒಂದು ಬಗೆ) ಇರುವ ಅಡಿನೊಕಾರ್ಸಿನೋಮ, ಅಂದರೆ ಗ್ರಂಥಿ ಕೋಶಗಳ ಕ್ಯಾನ್ಸರ್. ಗರ್ಭಕಂಠದ ಹೆಚ್ಚಿನ ಕ್ಯಾನ್ಸರ್‌ಗಳು ಸ್ಕ್ವೇಮಸ್ ಬಗೆಯವು, ಅಂದರೆ ಚಪ್ಪಟೆ ಹೊದಿಕೆ ಕೋಶಗಳವು. ಎಚ್‌ಪಿವಿ-16 ಇರುವ, ಸ್ಕ್ವೇಮಸ್ ಬಗೆಯದೇ ಆದ ಸಿಹಾ ಕೋಶಗಳ ಮೇಲೆ ಪ್ಯಾನಿಂಗ್ ಮಾಡಿ, ಹೀಲಾವನ್ನು ಆಮೇಲಿನ ಪರೀಕ್ಷೆಗೆ ಇಟ್ಟುಕೊಳ್ಳುವುದು ವಾಸಿ.

ಲೈಬ್ರರಿಯನ್ನು ನೇರವಾಗಿ ಸಿಹಾ ಮೇಲೆ ಸುರಿಯಬೇಡಿ. ಮೊದಲು ಹಾಕ್ಯಾಟ್‌ನಂಥ ಕ್ಯಾನ್ಸರ್ ಅಲ್ಲದ ಕೋಶಗಳ ಮೇಲೆ ಬಿಟ್ಟು, ಅಂಟದೆ ಉಳಿದದ್ದನ್ನು ಮಾತ್ರ ತೆಗೆದುಕೊಳ್ಳಿ. ಮೊರದಲ್ಲಿ ಕೇರಿದ ಹಾಗೆ, ಜೊಳ್ಳು ಮೊದಲೇ ಹಾರಬೇಕು. ಸಿಹಾ ಜೊತೆ 4 ಡಿಗ್ರಿಯಲ್ಲಿ ಇಟ್ಟರೆ ಕೋಶದ ಮೇಲ್ಮೈಗೆ ಅಂಟುವವು ಸಿಗುತ್ತವೆ. ಔಷಧಿ ಸಾಗಿಸಲು ಒಳಹೊಕ್ಕುವವು ಬೇಕಾದರೆ 37 ಡಿಗ್ರಿಯಲ್ಲಿಟ್ಟು, ಆಮ್ಲದಿಂದ ಮೇಲ್ಮೈ ತೊಳೆದು, ಕೋಶ ಒಡೆದು ತೆಗೆಯಬೇಕು. ಅಂಟಿದ ಫೇಜನ್ನು ಬಿಡಿಸುವ, ಪಿಎಚ್ 2.2ರ ಆಮ್ಲೀಯ ಗ್ಲೈಸೀನ್ ಬಫರ್‌ನಲ್ಲಿ 10 ನಿಮಿಷ ದಾಟಬಾರದು. ಕೂಡಲೇ ಟ್ರಿಸ್ ಹಾಕಿ ಆಮ್ಲ ತಗ್ಗಿಸದಿದ್ದರೆ ಫೇಜ್ ಸೋಂಕು ತಗಲಿಸುವ ಶಕ್ತಿ ಕಳೆದುಕೊಳ್ಳುತ್ತದೆ.

ಹೆಚ್ಚು ಕೆಡುವುದು ಫೇಜ್ ಬೆಳೆಸುವಾಗ. ಇಆರ್2738 ಬ್ಯಾಕ್ಟೀರಿಯಾದಲ್ಲಿ ನಾಲ್ಕೂವರೆ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಪೆಪ್ಟೈಡ್ ಇಲ್ಲದ ಕಾಡು ಫೇಜ್ ಮೇಲುಗೈ ಸಾಧಿಸುತ್ತದೆ. ಲೈಬ್ರರಿಯ ಫೇಜನ್ನು ನೀಲಿಯಾಗಿ ತೋರಿಸುವ ಎಕ್ಸ್-ಗಾಲ್ ತಟ್ಟೆಯಲ್ಲಿ ನೀಲಿಯ ನಡುವೆ ಬಿಳಿ ಪ್ಲಾಕ್ (ಫೇಜ್ ಬೆಳೆದ ಚುಕ್ಕೆ) ಕಂಡರೆ ಅದೇ ಕಾಡು ಫೇಜ್. ಅದು ಒಳಸೇರದಂತೆ ಪಿಪೆಟ್ಟಿಗೆ ಫಿಲ್ಟರ್ ಟಿಪ್ ಕಡ್ಡಾಯ. ಪ್ಯಾನಿಂಗನ್ನು ಮೂರು ಸುತ್ತಿಗೆ ನಿಲ್ಲಿಸಿ; ಮುಂದುವರಿಸಿದಷ್ಟೂ ಗೆಲ್ಲುವುದು ಚೆನ್ನಾಗಿ ಅಂಟುವುದಲ್ಲ, ಬೇಗ ಬೆಳೆಯುವುದು. ಇದೇ ತಯಾರಕರ 7 ಅಮೈನೊ ಆಮ್ಲಗಳ ಲೈಬ್ರರಿಯಲ್ಲಿ ಪದೇಪದೇ ಬರುವ ಪೆಪ್ಟೈಡ್ ಎಚ್ಎಐವೈಪಿಆರ್‌ಎಚ್ ಅಂಥದ್ದೇ. ಒಂದೇ ಸರಣಿ ಹತ್ತು ಪ್ಲಾಕ್‌ಗಳಲ್ಲಿ ಬಂತೆಂದು ಹಿಗ್ಗುವ ಮುನ್ನ, ಗುರಿಗೆ ಸಂಬಂಧವಿಲ್ಲದೆ ಗೆಲ್ಲುವ ಪೆಪ್ಟೈಡ್ ಗುರುತಿಸುವ ಜಾಲತಾಣ ಸಾರೋಟಪ್‌ನಲ್ಲಿ ಹಾಕಿ ನೋಡಿ.

ಫೇಜಿನ ಡಿಎನ್ಎ ಸರಣಿ ಓದುವಾಗ ಎರಡು ಎಚ್ಚರ: −96 ಪ್ರೈಮರ್ (ಓದು ಆರಂಭಿಸುವ ಡಿಎನ್ಎ ತುಣುಕು) ಕೊಡುವುದು ಎದುರು ಎಳೆ, ತಿರುಗಿಸಿ ಓದಬೇಕು. ನಡುವೆ ಟಿಎಜಿ ಎಂಬ ಮೂರಕ್ಷರ ಬಂದರೆ ಅದು ಎಂದಿನಂತೆ ಪ್ರೋಟೀನಿನ ನಿಲುಗಡೆಯಲ್ಲ, ಈ ಬ್ಯಾಕ್ಟೀರಿಯಾದಲ್ಲಿ ಗ್ಲುಟಮೀನ್.

12ರ ಪೆಪ್ಟೈಡ್‌ಗೆ ಸಾಧ್ಯವಿರುವ ಎಲ್ಲ ಜೋಡಣೆಗಳನ್ನು 100 ಕೋಟಿ ಕ್ಲೋನ್ ಮುಟ್ಟುವುದೇ ಇಲ್ಲ. ಸಿಕ್ಕದ್ದು ಅತ್ಯುತ್ತಮವೆಂದು ನಂಬಬೇಡಿ, ಅದನ್ನು ಒಂದೊಂದೇ ಅಮೈನೊ ಆಮ್ಲ ಬದಲಿಸಿ ಸುಧಾರಿಸಲು ಹಣ ತೆಗೆದಿಡಿ.

ಕೊನೆಗೆ ಪೆಪ್ಟೈಡ್ ಮಾಡಿಸುವಾಗ ಬಣ್ಣವನ್ನು ಮೊದಲ ತುದಿಗೆ ಕಟ್ಟಿಸಬೇಡಿ. ಫೇಜಿನ ಮೇಲೆ ಆ ತುದಿ ಬಿಡುವಾಗಿತ್ತು. ಕೊನೆಯ ತುದಿಗೆ ಮೂರು ಗ್ಲೈಸೀನ್, ಒಂದು ಸೆರೀನ್, ಒಂದು ಲೈಸೀನ್ ಸೇರಿಸಿ, ಲೈಸೀನ್‌ಗೆ ಬಣ್ಣ ಹಾಕಿಸಿ. ಐದು ಪ್ರತಿಯ ಬಲ ಹೋಗುವುದರಿಂದ ಒಂಟಿ ಪೆಪ್ಟೈಡಿನ ಹಿಡಿತ ಸಡಿಲವಾಗುತ್ತದೆ. ಉಳಿದ ಹಿಡಿತ ಆ ಸರಣಿಯದ್ದೇ ಎಂದು ತಿಳಿಯಲು ಅದೇ ಅಮೈನೊ ಆಮ್ಲಗಳನ್ನು ಕಲಸಿ ಜೋಡಿಸಿದ ಇನ್ನೊಂದು ಪೆಪ್ಟೈಡನ್ನೂ ಆ ಆರ್ಡರಿನಲ್ಲೇ ತರಿಸಿಕೊಂಡು, ಎರಡನ್ನೂ ಪಕ್ಕಪಕ್ಕ ಸಿಹಾ ಮತ್ತು ಹಾಕ್ಯಾಟ್ ಮೇಲೆ ಹಾಕಿ ನೋಡಿ.