ಮಣ್ಣಿನ ಥರ್ಮಾಮೀಟರ್: ಒಂದು ಚಳಿಗಾಲ ಬಳಸಿದ ಮೇಲೆ

ಕಳೆದ ವರ್ಷ ಚಳಿ ಸ್ವಲ್ಪ ಇಳಿದ ಕೂಡಲೇ ಬೀನ್ಸ್ ಬೀಜ ಊರಿಬಿಟ್ಟೆ. ಎರಡು ವಾರ ಕಾದರೂ ಒಂದೂ ಮೇಲೆ ಬರಲಿಲ್ಲ. ಕೆದಕಿ ನೋಡಿದರೆ ಬೀಜವೆಲ್ಲ ಕೊಳೆತು ಮೆತ್ತಗಾಗಿತ್ತು. ಆ ಸಿಟ್ಟಿಗೇ ಈ ಸಲ ಇದನ್ನು ತರಿಸಿದೆ. ಗೇಣುದ್ದದ ಸ್ಟೀಲ್ ಕಡ್ಡಿ, ಮೇಲೊಂದು ದುಂಡನೆ ಡಯಲ್. ಬ್ಯಾಟರಿಯ ರಗಳೆ ಇಲ್ಲ.

ಬೆಳಿಗ್ಗೆ ಮಡಿಯಲ್ಲಿ 5 ಸೆಂ.ಮೀ. ಆಳಕ್ಕೆ ಚುಚ್ಚಿ ಎರಡು ನಿಮಿಷ ಬಿಡುತ್ತೇನೆ. ಮಧ್ಯಾಹ್ನ ನೋಡಿದರೆ ಬಿಸಿಲಿಗೆ ಜಾಸ್ತಿ ತೋರಿಸುತ್ತದೆ, ಸುಮ್ನೆ ಮೋಸ ಹೋಗುತ್ತೀರಿ. ಬಟಾಣಿಗೆ 8 ಡಿಗ್ರಿ ಇದ್ದರೂ ನಡೆಯುತ್ತದೆ. ಬೀನ್ಸ್‌ಗೆ 15 ದಾಟಲೇಬೇಕು.

ಒಣ ಎಲೆ ಹೊದಿಸಿದ ಮಡಿಯೇ ಬೆಚ್ಚಗಿರಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಚಳಿಗಾಲದ ಕೊನೆಗೆ ಬಿಸಿಲು ಬಲಿತಾಗ ಬೋಳು ಮಡಿಯೇ ಬೇಗ ಕಾಯಿತು. ಎಲೆಯ ಹೊದಿಕೆ ಬಿಸಿಲನ್ನೇ ತಡೆದಿತ್ತು. ಹಾಗಾಗಿ ಬೀನ್ಸ್ ಮಡಿಯ ಎಲೆ ಸರಿಸಿದೆ, ನೋಟ್‌ಬುಕ್ಕಿನಲ್ಲಿದ್ದ ಬಿತ್ತನೆ ಸರದಿಯನ್ನೂ ಬದಲಿಸಿದೆ.

ತಕರಾರು ಇಲ್ಲದಿಲ್ಲ. ಮಂಜುಗಡ್ಡೆ ನೀರಿನಲ್ಲಿ ಇಟ್ಟರೆ ಸೊನ್ನೆ ತೋರಿಸಬೇಕಾದದ್ದು 2 ತೋರಿಸಿತು. ಈಗ ಪ್ರತಿ ಸಲ 2 ಕಳೆದು ಬರೆದುಕೊಳ್ಳುತ್ತೇನೆ. ಡಯಲ್ ಒಳಗೆ ಹಬೆ ಕಟ್ಟುತ್ತದೆ. ಗಟ್ಟಿ ಮಣ್ಣಿದ್ದರೆ ಮೊದಲು ಒಂದು ಮೊಳೆಯಿಂದ ತೂತು ಮಾಡಿಕೊಳ್ಳಿ. ನನ್ನ ಕಡ್ಡಿ ಆಗಲೇ ಬಾಗಿದೆ.