ಯಂತ್ರಕ್ಕೆ ಅರ್ಥವಾಗುತ್ತದೆಯೇ: ಟ್ಯೂರಿಂಗ್ ದಾರಿಯೋ, ಸರ್ಲ್ ದಾರಿಯೋ?

ಯಂತ್ರಕ್ಕೆ ಅರ್ಥವಾಗುತ್ತದೆಯೇ ಎಂಬ ಕಾಲೇಜಿನ ಚರ್ಚೆಗೆ ಟ್ಯೂರಿಂಗ್, ಸರ್ಲ್ ಇಬ್ಬರಲ್ಲಿ ಯಾರ ವಾದವನ್ನು ಹಿಡಿಯಲಿ ಎಂದು ಕೇಳಿದ್ದೀರಿ. ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಹೇಳಿದ್ದು ಸರಳ: ಬರಹದ ಮಾತುಕತೆಯಲ್ಲಿ ಯಂತ್ರ ಯಾವುದು, ಮನುಷ್ಯ ಯಾರು ಎಂದು ಗೊತ್ತಾಗದಿದ್ದರೆ, ಯಂತ್ರ ಯೋಚಿಸುತ್ತದೆ ಎನ್ನಲು ಅಷ್ಟು ಸಾಕು. ತರಗತಿಯಲ್ಲೇ ಮಾಡಿ ನೋಡಬಹುದು. ಆದರೆ ಅದು ನೋಡುವುದು ನಡವಳಿಕೆಯನ್ನಷ್ಟೇ.

ತತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಕೆದಕಿದ್ದು ಒಳಗನ್ನು. ಚೀನೀ ಭಾಷೆ ಬಾರದವನೊಬ್ಬ ಕೋಣೆಯಲ್ಲಿ ಕೂತು, ನಿಯಮದ ಪುಸ್ತಕ ನೋಡಿಕೊಂಡು ಚೀನೀ ಅಕ್ಷರಗಳಲ್ಲೇ ಸರಿಯಾದ ಉತ್ತರ ಕೊಡುತ್ತಾನೆ. ಹೊರಗಿನವರಿಗೆ ಅವನು ಭಾಷೆ ಬಲ್ಲವನು. ಅವನಿಗೋ ಒಂದಕ್ಷರವೂ ತಿಳಿದಿಲ್ಲ. ನನ್ನನ್ನು ತುಂಬಾ ಕಾಡಿದ್ದು ಇದೇ. ಇದಕ್ಕೂ ಗಟ್ಟಿ ಆಕ್ಷೇಪವಿದೆ: ಅವನಿಗೆ ತಿಳಿಯದಿದ್ದರೂ, ಅವನೂ ಪುಸ್ತಕವೂ ಸೇರಿದ ಇಡೀ ವ್ಯವಸ್ಥೆಗೆ ತಿಳಿದಿರಬಹುದು ಅಲ್ವಾ?

ಚಾಟ್‌ಬಾಟ್ ಮನುಷ್ಯರಂತೆ ಮಾತಾಡುತ್ತದೆಯೇ ಎಂದು ಅಳೆಯಲು ಟ್ಯೂರಿಂಗ್ ಸಾಕು. ‘ಅರ್ಥವಾಗುವುದು’ ಎಂದರೇನು ಎಂಬುದೇ ನಿಮ್ಮ ಪ್ರಶ್ನೆಯಾದರೆ ಸರ್ಲ್. ಸರ್ಲ್ ವಾದಕ್ಕೆ ಸಮಯ ಜಾಸ್ತಿ ಇಟ್ಟುಕೊಳ್ಳಿ.