ಹೆಂಡತಿಯನ್ನೇ ಅರ್ಜಿಯಿಂದ ಅಳಿಸುವ ವೀಸಾ ಏಜೆಂಟರಿದ್ದಾರೆ, ಎಚ್ಚರ

ಯುರೋಪಿಗೆ ವೀಸಾ ಮಾಡಿಸಬೇಕೆಂದಿರುವ ದಾವಣಗೆರೆಯ ಹೆಚ್ಚಿನವರಿಗೆ ಈ ಬರಹದಿಂದ ಉಪಯೋಗವಿಲ್ಲ. ಗಂಡನೋ ಹೆಂಡತಿಯೋ ಯುರೋಪ್ ಒಕ್ಕೂಟದ ಪ್ರಜೆ, ನೀವು ಮಾತ್ರ ಭಾರತದ ಪಾಸ್‌ಪೋರ್ಟಿನವರು ಎಂದಾದರೆ ಪೂರ್ತಿ ಓದಿ. ಯಾವ ಏಜೆಂಟನಿಗೂ ಮುಂಗಡ ಕೊಡುವ ಮೊದಲೇ ಓದಿ. ಅಂಥವರು ನಮ್ಮೂರಲ್ಲಿ ಯಾರಿದ್ದಾರೆ ಎನ್ನಬೇಡಿ. ಇಲ್ಲಿ ವೈದ್ಯಕೀಯ ಓದು ಮುಗಿಸಿ ಐರ್ಲೆಂಡಿಗೋ ಜರ್ಮನಿಗೋ ಹೋಗಿ, ಅಲ್ಲಿಯ ಪೌರತ್ವ ಪಡೆದು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಹಿಡಿದು ಬಂದು ಇಲ್ಲಿಯ ಹುಡುಗಿಯನ್ನು ಮದುವೆಯಾದವರಿದ್ದಾರೆ. ಕಾನೂನಿನ ಕಣ್ಣಿಗೆ ಆ ಹುಡುಗಿಯರೂ ನಾನೂ ಒಂದೇ ಸಾಲಿನವರು.

ನನ್ನ ಹೆಂಡತಿ ಇಟಲಿಯವಳು. ನಾನು ದಾವಣಗೆರೆಯಲ್ಲಿದ್ದುಕೊಂಡು ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟ ನೋಡಿಕೊಳ್ಳುವವನು. ನಮ್ಮ ಮದುವೆ 1954ರ ವಿಶೇಷ ವಿವಾಹ ಕಾಯ್ದೆಯಡಿ, ಮೂವತ್ತು ದಿನಗಳ ನೋಟಿಸು ಕಳೆದು, ಇಲ್ಲಿಯೇ ನೋಂದಣಿಯಾಗಿದೆ. ಅವಳ ತಂಗಿ ಇಟಲಿ ಬಿಟ್ಟು, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಾದ ಷೆಂಗೆನ್ ವಲಯದ ಇನ್ನೊಂದು ದೇಶದಲ್ಲಿ ನೆಲೆಸಿದ್ದಾಳೆ. ಆ ದೇಶದ ಹೆಸರು ಇಲ್ಲಿ ಬೇಡ. ಆ ತಂಗಿಯ ಮದುವೆಗೆ ಇಬ್ಬರೂ ಹೊರಟೆವು. ಅವಳಿಗೆ ಟಿಕೆಟ್ ಸಾಕು, ನನಗೆ ವೀಸಾ ಬೇಕು.

ಊರಿನ ಒಂದು ಟ್ರಾವೆಲ್ ಕಚೇರಿಯವನು ಮೂವತ್ತೈದು ಸಾವಿರಕ್ಕೆ ಒಪ್ಪಿಕೊಂಡ. ಗೋಡೆಯ ತುಂಬ ಐಫೆಲ್ ಗೋಪುರ, ಮೇಜಿನ ಮೇಲೆ ನಿಂಬೆಹಣ್ಣು, ಬಾಯಲ್ಲಿ “ಫೈಲನ್ನು ಗಟ್ಟಿ ಮಾಡೋಣ ಸರ್” ಎಂಬ ಒಂದೇ ಮಾತು. ಗಟ್ಟಿ ಮಾಡುವುದೆಂದರೆ ಅವನ ಪ್ರಕಾರ ಏನು ಎಂಬುದು ತಿಳಿದದ್ದು ವೀಸಾ ನಿರಾಕರಣೆಯಾಗಿ ಪಾಸ್‌ಪೋರ್ಟ್ ವಾಪಸ್ ಬಂದ ಮೇಲೆ, ಫೈಲಿನ ಪ್ರತಿಯನ್ನು ಗದ್ದಲ ಮಾಡಿ ಈಸಿಕೊಂಡಾಗ.

ಆ ಪ್ರತಿ ಈಗಲೂ ನನ್ನ ಮುಂದಿದೆ. ಉದ್ಯೋಗದ ಅಂಕಣದಲ್ಲಿ ನಾನು ಬೆಂಗಳೂರಿನ ಯಾವುದೋ ಕಂಪನಿಯ ಮಾರಾಟ ವ್ಯವಸ್ಥಾಪಕ. ಆ ಕಂಪನಿಯ ಹೆಸರನ್ನು ನಾನು ಕೇಳಿದ್ದು ಅಂದೇ. ಅದರ ಲೆಟರ್‌ಹೆಡ್ಡಿನಲ್ಲಿ ನನಗೆ ರಜೆ ಮಂಜೂರಾಗಿದೆ, ಸಹಿಯ ಮೇಲೆ ದುಂಡು ಮೊಹರೂ ಇದೆ. ತಂಗಿಯ ಮನೆಯಲ್ಲಿ ಉಳಿಯಬೇಕಾದವನಿಗೆ ಹೋಟೆಲ್ ಬುಕಿಂಗ್ ತೋರಿಸಲಾಗಿದೆ. ಅರ್ಜಿ ಸಲ್ಲಿಕೆಯಾದ ಮರುದಿನವೇ ಅದನ್ನು ರದ್ದು ಮಾಡಿದ್ದಾರೆ. ಎಲ್ಲಕ್ಕಿಂತ ದೊಡ್ಡದು 17 ಮತ್ತು 18ನೇ ಅಂಕಣಗಳು. ಷೆಂಗೆನ್ ಅರ್ಜಿ ನಮೂನೆಯಲ್ಲಿ ಯುರೋಪ್ ಒಕ್ಕೂಟದ ಪ್ರಜೆಯಾಗಿರುವ ಕುಟುಂಬದವರ ವಿವರ ಬರೆಯುವ ಜಾಗ 17, ಅವರು ನಿಮಗೆ ಏನಾಗಬೇಕು ಎಂದು ಹೇಳುವ ಜಾಗ 18. ಎರಡೂ ಖಾಲಿ. ವೈವಾಹಿಕ ಸ್ಥಿತಿಯಲ್ಲಿ ‘ವಿವಾಹಿತ’ ಎಂದು ಗುರುತಿದೆ, ಹೆಂಡತಿಯ ಸುಳಿವು ಮಾತ್ರ ಎಲ್ಲೂ ಇಲ್ಲ. ಸಹಿಯನ್ನು ಕೊನೆಯ ಪುಟಕ್ಕೆ ಮೊದಲೇ ಹಾಕಿಸಿಕೊಂಡಿದ್ದರು. ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ಖಾಸಗಿ ಕೇಂದ್ರದ ಬಾಗಿಲಲ್ಲಿ ಅವನ ಕಡೆಯ ಹುಡುಗ ಪಿನ್ ಹೊಡೆದ ಕಟ್ಟನ್ನು ಕೈಗಿಟ್ಟು, ಸರದಿ ಬಂತು ನಡೆಯಿರಿ ಎಂದು ಒಳಗೆ ತಳ್ಳಿದ್ದ.

ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ಅವನಿಗೆ ಸಂಕೋಚವೇ ಇಲ್ಲ. “ಕೃಷಿಕ ಎಂದು ಬರೆದರೆ ಅಲ್ಲಿ ಬೆಲೆಯಿಲ್ಲ ಸರ್. ಹೆಂಡತಿ ಆ ಕಡೆಯವರು ಎಂದು ತೋರಿಸಿದರೆ, ಹೋದವನು ಅಲ್ಲಿಯೇ ಉಳಿದುಬಿಡುತ್ತಾನೆ ಎಂದು ಅನುಮಾನ ಪಡುತ್ತಾರೆ.” ಈ ತರ್ಕವನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಇದು ಪೂರ್ತಿ ತಲೆಕೆಳಗು. ಆ ಮದುವೆಯೇ ನಿಮ್ಮ ಹಕ್ಕಿನ ಆಧಾರ. ಅದನ್ನು ಮುಚ್ಚಿಟ್ಟರೆ ನೀವು ಸುಳ್ಳು ರಜೆಪತ್ರ ಹಿಡಿದ ಸಾಮಾನ್ಯ ಪ್ರವಾಸಿ ಮಾತ್ರ. ನಿರಾಕರಣೆ ಪತ್ರದಲ್ಲಿ ಗುರುತು ಹಾಕಿದ್ದ ಕಾರಣವೂ ಅದೇ: ಪ್ರವಾಸದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಾಗಿಲ್ಲ. ದೂತಾವಾಸದವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಆ ಕಟ್ಟನ್ನು ನೋಡಿದರೆ ನಾನೂ ನಂಬುತ್ತಿರಲಿಲ್ಲ.

ಹೆಂಡತಿ ಒಬ್ಬಳೇ ಹೋದಳು. ಹೊರಡುವ ಮುನ್ನ ಫಾರಂ ತಿರುವಿ ನೋಡಿ, “ಇದರಲ್ಲಿ ನಾನು ಇಲ್ಲವೇ ಇಲ್ಲವಲ್ಲ” ಎಂದಳು, ಕನ್ನಡದಲ್ಲೇ. ಸೊಸೆಯನ್ನು ಬಸ್ಸಿಗೆ ಹತ್ತಿಸಿ ಬಂದ ಅವ್ವ ಏಜೆಂಟನಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯಲಾಗದು.

ಈಗ ನಿಯಮದ ವಿಷಯ. ಯುರೋಪ್ ಒಕ್ಕೂಟದಲ್ಲಿ 2004ರ ಒಂದು ನಿರ್ದೇಶನವಿದೆ, ಸಂಖ್ಯೆ 2004/38. ಒಕ್ಕೂಟದ ಪ್ರಜೆ ತನ್ನ ದೇಶ ಬಿಟ್ಟು ಒಕ್ಕೂಟದ ಬೇರೆ ದೇಶಕ್ಕೆ ಹೋಗುವಾಗ ಗಂಡ ಅಥವಾ ಹೆಂಡತಿ ಜೊತೆಗೆ ಹೋಗುವುದಾದರೆ, ಇಲ್ಲವೇ ಅಲ್ಲಿರುವವರನ್ನು ಸೇರಿಕೊಳ್ಳುವುದಾದರೆ, ಅವರಿಗೆ ವೀಸಾವನ್ನು ಉಚಿತವಾಗಿ, ಆದಷ್ಟು ಬೇಗ, ತ್ವರಿತ ಕ್ರಮದಲ್ಲಿ ಕೊಡಬೇಕು. ಉಳಿದವರು 2024ರ ಜೂನ್‌ನಿಂದ 90 ಯೂರೋ ಕಟ್ಟುತ್ತಾರೆ, ನೀವು ಕಟ್ಟಬೇಕಿಲ್ಲ. ಕೇಳಬಹುದಾದ ದಾಖಲೆ ಮೂರು ನಾಲ್ಕು: ನಿಮ್ಮ ಪಾಸ್‌ಪೋರ್ಟ್, ಸಂಗಾತಿಯ ಪೌರತ್ವಕ್ಕೆ ಪುರಾವೆ, ಮದುವೆಯ ಪುರಾವೆ, ಜೊತೆಯಲ್ಲಿ ಹೋಗುತ್ತೀರಿ ಅಥವಾ ಅವರನ್ನು ಸೇರಿಕೊಳ್ಳುತ್ತೀರಿ ಎಂಬುದಕ್ಕೆ ಏನಾದರೊಂದು. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್, ಹೋಟೆಲ್, ಬೇರೆಯವರು ಕಡ್ಡಾಯವಾಗಿ ಮಾಡಿಸುವ 30,000 ಯೂರೋ ಮೊತ್ತದ ವಿಮೆ, ಯಾವುದೂ ಬೇಡ. ಇದನ್ನು ಗುಟ್ಟಾಗಿಯೂ ಇಟ್ಟಿಲ್ಲ. ಅರ್ಜಿ ನಮೂನೆಯಲ್ಲೇ 21, 22, 30, 31, 32ನೇ ಅಂಕಣಗಳ ಪಕ್ಕ ನಕ್ಷತ್ರ ಚಿಹ್ನೆ ಇದೆ, ಇಂಥ ಕುಟುಂಬದವರು ಅವನ್ನು ತುಂಬಬೇಕಿಲ್ಲ ಎಂದು ಟಿಪ್ಪಣಿ ಇದೆ. ಉದ್ಯೋಗ, ಉದ್ಯೋಗದಾತ, ಹೋಟೆಲ್, ಖರ್ಚು, ಎಲ್ಲ ಆ ಅಂಕಣಗಳಲ್ಲೇ ಬರುತ್ತವೆ. ನಮ್ಮ ಏಜೆಂಟ ಬಿಡಬೇಕಾದ ಅಂಕಣಗಳನ್ನು ಸುಳ್ಳಿನಿಂದ ತುಂಬಿದ್ದ, ತುಂಬಬೇಕಾದ ಎರಡನ್ನು ಬಿಟ್ಟಿದ್ದ. ಅಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದಕ್ಕೂ ಪ್ರತಿಭೆ ಬೇಕು.

ಒಂದು ತೊಡಕಿದೆ, ಚೆನ್ನಾಗಿ ಗಮನಿಸಿ. ಈ ಸೌಲಭ್ಯ ಸಂಗಾತಿಯ ಸ್ವಂತ ದೇಶಕ್ಕೆ ನೇರವಾಗಿ ಹೋಗುವಾಗ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನನ್ನ ಹೆಂಡತಿ ಇಟಲಿಯವಳಾದ್ದರಿಂದ ಸ್ಪೇನ್, ಫ್ರಾನ್ಸ್, ಪೋರ್ಚುಗಲ್ ಎಲ್ಲಕ್ಕೂ ಇದು ನಡೆಯುತ್ತದೆ. ಇಟಲಿಗೇ ಹೋಗುವುದಾದರೆ ಅಲ್ಲಿಯ ದೇಶೀಯ ಕಾನೂನು ಏನು ಹೇಳುತ್ತದೆ ಎಂದು ನೋಡಬೇಕು. ಗಂಡ ಐರ್ಲೆಂಡ್ ಪ್ರಜೆಯಾದರೆ ಷೆಂಗೆನ್‌ನ ಯಾವ ದೇಶಕ್ಕಾದರೂ ಜೊತೆಯಾಗಿ ಹೋಗುವಾಗ ಹಕ್ಕು ಇದೆ. ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ, ಅದರ ವೀಸಾ ಬೇರೆ. ಬ್ರಿಟನ್ ಪ್ರಜೆಯನ್ನು ಮದುವೆಯಾದವರಿಗೆ ಸಾಮಾನ್ಯವಾಗಿ ಈ ಬಾಗಿಲು ಮುಚ್ಚಿದೆ, ಬ್ರಿಟನ್ 2020ರಲ್ಲಿ ಒಕ್ಕೂಟ ಬಿಟ್ಟಾಗಿದೆ. ಸಂಗಾತಿ ಇಲ್ಲೇ ಇದ್ದು ನೀವೊಬ್ಬರೇ ಸುತ್ತಾಡಿ ಬರುತ್ತೇನೆ ಎಂದರೂ ನಡೆಯುವುದಿಲ್ಲ. ಆಗ ನೀವು ಎಲ್ಲರಂತೆ ಪ್ರವಾಸಿ.

ಮುಂದೆ ನಾವೇ ಅರ್ಜಿ ಹಾಕಿದೆವು, ಈ ಸಲ ತಂಗಿಯ ಹೊಸ ಸಂಸಾರ ನೋಡಿಬರಲು. 17 ಮತ್ತು 18 ತುಂಬಿ, ನಕ್ಷತ್ರದವುಗಳನ್ನು ಖಾಲಿ ಬಿಟ್ಟು, ಜೊತೆಯಲ್ಲೇ ಪ್ರಯಾಣ ಮಾಡುತ್ತೇವೆ ಎಂದು ಹೆಂಡತಿ ಸಹಿ ಮಾಡಿದ ಪತ್ರ ಇಟ್ಟೆವು. ಕೌಂಟರಿನ ಹುಡುಗಿ ಸಾಮಾನ್ಯ ಪ್ರವಾಸಿಗಳಿಂದ ಕೇಳುವ ದಾಖಲೆಗಳ ಪಟ್ಟಿ ಹಿಡಿದು ಒಂದೊಂದೇ ಕೇಳುತ್ತಾ ಹೋದಳು: ವಿಮೆ ಎಲ್ಲಿ, ಸ್ಟೇಟ್‌ಮೆಂಟ್ ಎಲ್ಲಿ, ಹೋಟೆಲ್ ಎಲ್ಲಿ. ಅವಳ ತಪ್ಪಲ್ಲ, ಅವಳಿಗೆ ಕೊಟ್ಟಿರುವ ಪಟ್ಟಿಯೇ ಅದು. ನಿರ್ದೇಶನದ ಸಂಖ್ಯೆ ಬರೆದ ಅರ್ಧ ಪುಟದ ಪತ್ರವನ್ನು ಮೇಲಿಟ್ಟಿದ್ದೆವು, ಮೇಲಧಿಕಾರಿ ಬಂದು ಓದಿದರು, ಕಟ್ಟು ಹಾಗೇ ಒಳಗೆ ಹೋಯಿತು. ವೀಸಾ ಶುಲ್ಕ ತೆಗೆದುಕೊಳ್ಳಲಿಲ್ಲ. ಖಾಸಗಿ ಕೇಂದ್ರದ ಸೇವಾ ಶುಲ್ಕ ಮಾತ್ರ ಕೊಡಬೇಕಾಯಿತು. ಅದೂ ಬೇಡವೆಂದರೆ ಕೇಂದ್ರವನ್ನು ಬಿಟ್ಟು ನೇರವಾಗಿ ದೂತಾವಾಸಕ್ಕೆ ಅರ್ಜಿ ಕೊಡುವ ಅವಕಾಶವನ್ನು ನಿಯಮವೇ ಕೊಟ್ಟಿದೆ. ಉದ್ಯೋಗ ಕೇಳಿದಾಗ ಅಡಿಕೆ ಬೆಳೆಗಾರ ಎಂದೆ. ಯಾರ ಹುಬ್ಬೂ ಏರಲಿಲ್ಲ. ವೀಸಾ ಬಂತು.

ನಿಜವಾಗಿ ಸಮಯ ತಿನ್ನುವುದು ಮದುವೆಯ ಪ್ರಮಾಣಪತ್ರ. ನಮ್ಮ ಕಡೆ ಊರು ಮತ್ತು ಅಪ್ಪನ ಹೆಸರು ಇನಿಷಿಯಲ್ ಆಗಿ ಹೆಸರಿನ ಮುಂದೆ ಕುಳಿತಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಉದ್ದವಾಗುತ್ತವೆ. ಇಟಲಿಯ ಗುಮಾಸ್ತನಿಗೆ ಅವೆರಡೂ ಬೇರೆ ಬೇರೆ ಮನುಷ್ಯರು. ನೋಂದಣಿಗೆ ಅರ್ಜಿ ಕೊಡುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಅಕ್ಷರಕ್ಕೆ ಅಕ್ಷರ ಬರೆಸಿ. ಆಮೇಲೆ ಅಫಿಡವಿಟ್ಟು, ತಿದ್ದುಪಡಿ ಎಂದು ಅಲೆಯುವುದು ಬೇಡ. ಬಳಿಕ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ಹೊರದೇಶದವರಿಗೆ ಹೇಳುವ ಮುದ್ರೆ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಸಚಿವಾಲಯದ ಶುಲ್ಕ ದಾಖಲೆಯೊಂದಕ್ಕೆ ಐವತ್ತು ರೂಪಾಯಿ, ಜೊತೆಗೆ ದಾಖಲೆ ಸ್ವೀಕರಿಸುವ ಏಜೆನ್ಸಿಗೆ ಒಂದಿಷ್ಟು. ಇದಕ್ಕೆ ನಮ್ಮ ಏಜೆಂಟ ಹೇಳಿದ್ದ ದರ ಏಳು ಸಾವಿರ. ಸಂಗಾತಿಯ ದೇಶದಲ್ಲೂ ಮದುವೆಯನ್ನು ದಾಖಲು ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಹೆಂಡತಿ ತನ್ನ ಊರಿನ ನಗರಸಭೆಯಿಂದ ಹಲವು ಭಾಷೆಗಳಲ್ಲಿ ಅಚ್ಚಾದ ವಿವಾಹ ದಾಖಲೆ ತರಿಸಿದ ಮೇಲೆ ಯಾರೂ ಅನುವಾದ ಕೇಳಲಿಲ್ಲ.

ಮೊದಲ ನಿರಾಕರಣೆ ಹಾಗೇ ಅಳಿಸಿಹೋಗುವುದಿಲ್ಲ. ಷೆಂಗೆನ್ ದೇಶಗಳ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಅದು ಐದು ವರ್ಷ ಇರುತ್ತದೆ. ಬ್ರಿಟನ್, ಕೆನಡಾದ ಅರ್ಜಿಗಳಲ್ಲಿ ಹಿಂದೆ ವೀಸಾ ನಿರಾಕರಣೆಯಾಗಿದೆಯೇ ಎಂದು ಕೇಳುತ್ತಾರೆ, ನಾನು ಹೌದು ಎಂದೇ ಬರೆಯಬೇಕು. ಏಜೆಂಟ ಫೈಲು ಗಟ್ಟಿ ಮಾಡಿದ್ದರ ಬಿಲ್ಲು ಇನ್ನೂ ಮುಗಿದಿಲ್ಲ ಎನ್ನುವುದು ಇದಕ್ಕೇ.

ಹಣ ವಾಪಸ್ ಕೇಳಿದ್ದಕ್ಕೆ, ವೀಸಾ ಕೊಡುವುದು ಬಿಡುವುದು ಅವರ ಇಷ್ಟ, ನಮ್ಮದು ಸೇವೆ ಮಾತ್ರ ಎಂದ. ರಸೀದಿ ಕೊಟ್ಟಿರಲಿಲ್ಲ. ಮೊಬೈಲಿನಿಂದ ಹಣ ಕಳಿಸಿದ ದಾಖಲೆ, ವಾಟ್ಸ್ಆ್ಯಪ್ ಮಾತುಕತೆ ಮತ್ತು ಆ ರಜೆಪತ್ರದ ಪ್ರತಿಯನ್ನು ಒಟ್ಟು ಮಾಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇನೆ. ಎರಡು ವರ್ಷದೊಳಗೆ ಕೊಡಬೇಕು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಇದೇ ರೀತಿ ಹೆಂಡತಿಯನ್ನೋ ಗಂಡನನ್ನೋ ಅರ್ಜಿಯಿಂದ ತೆಗೆಸಿಕೊಂಡು ನಿರಾಕರಣೆ ಪಡೆದವರು ಊರಲ್ಲಿ ಇನ್ನೂ ಇದ್ದರೆ ತಿಳಿಸಿ. ದೂರಿನ ಕರಡನ್ನು ಕಳಿಸುತ್ತೇನೆ.